ಮೊದಲು ಗೇಟು ಕಾಣಲಿ: ನೈರೋಬಿಯ ನಕ್ಷೆಗೆ ಫೋಟೊ ಹಾಕುವವರು ಮಾಡಬೇಕಾದ್ದು, ಮಾಡಬಾರದ್ದು

ನೈರೋಬಿಯಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ, ಮಕ್ಕಳು ಮೊಮ್ಮಕ್ಕಳನ್ನು ನೋಡಲು ಊರಿನಿಂದ ಬಂದು ಹೋಗುವ ಹಿರಿಯರಿಗೆ, ಹೊಸದಾಗಿ ಕೆಲಸಕ್ಕೆ ಬಂದಿಳಿದವರಿಗೆ ಈ ಸೂಚನೆ. ಕೈಯಲ್ಲಿ ಮೊಬೈಲಿರುವ ಪ್ರತಿಯೊಬ್ಬರೂ ಇವತ್ತು ನಕ್ಷೆಗೆ ಫೋಟೊ ಹಾಕುತ್ತಾರೆ. ಹಾಕಿದ ಫೋಟೊ ದಾರಿ ಹುಡುಕುವವರಿಗೆ ಉಪಯೋಗಕ್ಕೆ ಬರುತ್ತಿದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ.

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಸ್ನೇಹಿತರ ಮಗುವಿಗೆ ಜ್ವರ ಏರಿತು. ಹತ್ತಿರದ ಕ್ಲಿನಿಕ್ಕೊಂದನ್ನು ನಕ್ಷೆಯಲ್ಲಿ ಹುಡುಕಿ ಟ್ಯಾಕ್ಸಿಯಲ್ಲಿ ಹೊರಟೆವು. ನಕ್ಷೆಯಲ್ಲಿ ಆ ಕ್ಲಿನಿಕ್ಕಿನ ಹನ್ನೊಂದು ಫೋಟೊಗಳಿದ್ದವು: ಹೂಕುಂಡವಿಟ್ಟ ಸ್ವಾಗತದ ಮೇಜು, ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು, ಯಾರದೋ ಹುಟ್ಟುಹಬ್ಬದ ಕೇಕು. ಪಿನ್ ತೋರಿಸಿದ ಜಾಗದಲ್ಲಿ ಸಾಲಾಗಿ ಮೂರು ಗೇಟುಗಳು. ಮೂರೂ ಕಪ್ಪು ತಗಡಿನವು, ಮೂರರ ಮೇಲೂ ವಿದ್ಯುತ್ ಬೇಲಿ. ಬೋರ್ಡು ಕಾಗದದ ಹೂವಿನ ಬಳ್ಳಿಯ ಹಿಂದೆ ಮುಚ್ಚಿಹೋಗಿತ್ತು. ಮಳೆಯಲ್ಲಿ ಇಳಿದು ಒಂದೊಂದೇ ಗೇಟು ಬಡಿಯುತ್ತ ಹದಿನೈದು ನಿಮಿಷ ಕಳೆದೆವು. ಕೊನೆಗೆ ಒಬ್ಬ ಅಸ್ಕಾರಿ, ಅಂದರೆ ಇಲ್ಲಿನ ಕಾವಲುಗಾರ, ಟಾರ್ಚು ಹಿಡಿದು ಬಂದು ನಡುವಿನ ಗೇಟು ತೋರಿಸಿದ. ಆ ಹನ್ನೊಂದರಲ್ಲಿ ಒಂದಾದರೂ ಗೇಟಿನದಾಗಿದ್ದರೆ ಅಷ್ಟು ಹೊತ್ತು ಮಗುವನ್ನು ಹೊದಿಸಿಕೊಂಡು ಕೂರಬೇಕಾಗಿರಲಿಲ್ಲ.

ಈ ಊರಿನಲ್ಲಿ ಫೋಟೊಗೆ ಇಷ್ಟು ಬೆಲೆ ಬರಲು ಕಾರಣವಿದೆ. ಇಲ್ಲಿ ಅಂಚೆಯವರು ಸಾಮಾನ್ಯವಾಗಿ ಮನೆಬಾಗಿಲಿಗೆ ಬರುವುದಿಲ್ಲ. ಕಾಗದ ಬರುವುದು ಅಂಚೆ ಕಚೇರಿಯ ಪೆಟ್ಟಿಗೆಗೆ. ಮನೆಯ ನಂಬರು ಹೇಳಿ ದಾರಿ ತೋರಿಸುವ ಪದ್ಧತಿ ಬಹಳ ಕಡೆ ಇಲ್ಲ. 'ಪೆಟ್ರೋಲ್ ಬಂಕಿನ ಎದುರು, ಹಸಿರು ಗೇಟು, ಅದರ ಪಕ್ಕ' ಎಂದೇ ಹೇಳುತ್ತಾರೆ. 2014ರಲ್ಲಿ ನೈರೋಬಿಯಲ್ಲಿ ಶುರುವಾದ ಓಕೆಹಾಯ್ ಎಂಬ ಸಂಸ್ಥೆ ಈ ಮಾತಿನ ಮೇಲೆಯೇ ವಿಳಾಸವನ್ನು ಕಟ್ಟಿತು: ಒಂದು ಪಿನ್, ಅದರ ಜತೆಗೆ ಗೇಟಿನ ಒಂದು ಫೋಟೊ. ನೈರೋಬಿಯಲ್ಲಿ ಫೋಟೊವೇ ವಿಳಾಸ. ಆದ್ದರಿಂದ ನಕ್ಷೆಗೆ ಫೋಟೊ ಹಾಕುವವರು ವಿಳಾಸ ಬರೆಯುತ್ತಿದ್ದಾರೆ ಎಂದು ತಿಳಿದು ಹಾಕಬೇಕು. ಕೆಳಗಿನದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಹೊರಡುವ ಮುಂಚೆ

1. ಮೊಬೈಲಿನ ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿರಿ. ಆಗ ಫೋಟೊದೊಳಗೇ ತೆಗೆದ ವೇಳೆಯ ಜತೆಗೆ ಜಾಗದ ಗುರುತೂ ದಾಖಲಾಗುತ್ತದೆ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತದೆ. ನಗರದ ನಡುವಿನ ಎತ್ತರದ ಕಟ್ಟಡಗಳ ಸಂದಿಯಲ್ಲಿ ಅದು ಪಕ್ಕದ ಬೀದಿಗೂ ಜಾರಬಹುದು. ಅಂಥ ಕಡೆ ಬಯಲಿಗೆ ಬಂದು ಒಂದು ನಿಮಿಷ ನಿಂತು, ನೀಲಿ ಚುಕ್ಕೆ ಸ್ಥಿರವಾದ ಮೇಲೆ ತೆಗೆಯಿರಿ.

2. ಲೆನ್ಸು ಒರೆಸಿ. ಜೇಬಿನಿಂದ ತೆಗೆದ ಮೊಬೈಲಿನ ಲೆನ್ಸಿನ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಮಂಜು ಕವಿದ ಹಾಗೆ ಕಾಣುವ ಫೋಟೊಗಳಲ್ಲಿ ಅನೇಕವು ಆ ಜಿಡ್ಡಿನ ಕೆಲಸ.

3. ಬಿಸಿಲು ನೋಡಿ ಹೊರಡಿ. ನೈರೋಬಿ ಭೂಮಧ್ಯರೇಖೆಯಿಂದ ಸುಮಾರು 1.3 ಡಿಗ್ರಿ ದಕ್ಷಿಣಕ್ಕಿದೆ. ವರ್ಷವಿಡೀ ಆರೂವರೆಯ ಆಸುಪಾಸಿನಲ್ಲೇ ಹಗಲು ಶುರು, ಆರೂವರೆಯ ಆಸುಪಾಸಿನಲ್ಲೇ ಹಗಲು ಮುಗಿಯುತ್ತದೆ. ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲೆ ನಿಂತು ಅಂಗಡಿಯ ಮುಂಚಾಚಿನ ಕೆಳಗೆಲ್ಲ ಕತ್ತಲೆ ಮಾಡುತ್ತದೆ. ಬೋರ್ಡು ಬೆಳ್ಳಗೆ, ಬಾಗಿಲು ಕಪ್ಪಗೆ ಬರುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಐದೂವರೆ ಒಳ್ಳೆಯ ಹೊತ್ತು. ಪೂರ್ವಕ್ಕೆ ಮುಖ ಮಾಡಿದ ಬಾಗಿಲನ್ನು ಬೆಳಿಗ್ಗೆ, ಪಶ್ಚಿಮದ್ದನ್ನು ಸಂಜೆ ತೆಗೆಯಿರಿ. ಇನ್ನೊಂದು ಮಾತು ನಮ್ಮೂರಿನಿಂದ ಬಂದವರಿಗೆ ಹೊಸದು. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಇಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಉತ್ತರಕ್ಕೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣಕ್ಕೆ ವಾಲುತ್ತಾನೆ. ಉತ್ತರದ ಬಾಗಿಲು ಜೂನಿನಲ್ಲಿ ಬೆಳಗುತ್ತದೆ, ಡಿಸೆಂಬರಿನಲ್ಲಿ ನೆರಳಿಗೆ ಹೋಗುತ್ತದೆ.

4. ಒಬ್ಬರೇ ಹೋಗಬೇಡಿ. ನಗರದ ನಡುವೆ, ಮೋಯಿ ಅವೆನ್ಯೂ, ಟಾಮ್ ಎಂಬೋಯಾ ಸ್ಟ್ರೀಟ್, ರಿವರ್ ರೋಡ್ ಕಡೆ ಮೊಬೈಲು ಎತ್ತಿ ಹಿಡಿದು ನಿಂತರೆ ಕಸಿದುಕೊಂಡು ಓಡುವವರಿದ್ದಾರೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಜತೆಯವರು ಸುತ್ತ ನೋಡುತ್ತಿರಲಿ. ತೆಗೆದ ತಕ್ಷಣ ಒಳಗಿಡಿ. ಚೆನ್ನಾಗಿ ಬಂದಿದೆಯೇ ಎಂದು ನೋಡುವುದು ಅಂಗಡಿಯೊಳಗೆ ಹೋದ ಮೇಲೆ.

ಮಾಡಬೇಕಾದ್ದು

1. ಪ್ರತಿ ಜಾಗಕ್ಕೂ ಮೂರು ಫೋಟೊ ತೆಗೆಯಿರಿ. ಮೊದಲನೆಯದು ರಸ್ತೆಯ ಆಚೆ ಬದಿಯಿಂದ: ಗೇಟು, ಎಡಬಲದ ಕಟ್ಟಡ, ಮುಂದಿನ ಮರ ಅಥವಾ ಕಂಬ ಎಲ್ಲ ಬರಲಿ. ಎರಡನೆಯದು ಎದುರಿನಿಂದ: ಬಾಗಿಲು, ಬೋರ್ಡು, ಮೆಟ್ಟಿಲು. ಮೂರನೆಯದು ಹತ್ತಿರದಿಂದ: ತೆರೆಯುವ ವೇಳೆ, ವಾರದ ರಜೆ, ಮಹಡಿಯ ಸಂಖ್ಯೆ ಬರೆದ ಫಲಕ. ಈ ಮೂರರ ಮೇಲೆ ಒಳಗಿನದು ಎಷ್ಟಾದರೂ ಹಾಕಿ. ಮೂರು ಇಲ್ಲದೆ ಒಳಗಿನದು ಮಾತ್ರ ಬೇಡ.

2. ಬರುವವರ ಕಣ್ಣಿನಿಂದ ನೋಡಿ. ಜನ ಬೋಡಾ ಬೋಡಾ ಬೈಕಿನಲ್ಲಿ ಬರುತ್ತಾರೆ, ಮಟಾಟು ವ್ಯಾನಿನಿಂದ ಇಳಿದು ನಡೆದು ಬರುತ್ತಾರೆ, ಕಾರಿನಲ್ಲಿ ಬರುತ್ತಾರೆ. ಅವರು ಯಾವ ಕಡೆಯಿಂದ ಬರುತ್ತಾರೋ ಆ ಕಡೆ ನಿಂತು, ನಿಂತ ಕಣ್ಣಿನ ಎತ್ತರದಲ್ಲಿ ತೆಗೆಯಿರಿ. ಏಕಮುಖ ರಸ್ತೆಯಾದರೆ ವಾಹನ ಬರುವ ದಿಕ್ಕಿನಿಂದಲೇ ತೆಗೆಯಬೇಕು. ಎದುರು ದಿಕ್ಕಿನ ಫೋಟೊ ನೋಡಿಕೊಂಡು ಬಂದವರು ಗೇಟನ್ನು ದಾಟಿ ಹೋಗುತ್ತಾರೆ.

3. ಮೊಬೈಲು ಅಡ್ಡ ಹಿಡಿಯಿರಿ. ರಸ್ತೆ, ಗೇಟು, ಪಕ್ಕದ ಅಂಗಡಿ ಒಟ್ಟಿಗೆ ಬರುವುದು ಅಡ್ಡ ಚೌಕಟ್ಟಿನಲ್ಲಿ. ಎತ್ತರದ ಕಟ್ಟಡಕ್ಕೆ ಮಾತ್ರ ಉದ್ದ. ಅತಿ ಅಗಲದ ಲೆನ್ಸಿನಲ್ಲಿ ಕಂಬಗಳು ಬಾಗುತ್ತವೆ, ದೂರ ತಪ್ಪಾಗಿ ಕಾಣುತ್ತದೆ. ಸಾಮಾನ್ಯ ಲೆನ್ಸಿನಲ್ಲಿ ತೆಗೆಯಿರಿ. ಜೂಮ್ ಎಳೆಯುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ.

4. ಕಟ್ಟಡದೊಳಗಿನ ಅಂಗಡಿಗೆ ದಾರಿಯನ್ನೂ ತೋರಿಸಿ. ನಗರದ ನಡುವೆ ಒಂದೇ ಕಟ್ಟಡವನ್ನು ನೂರಾರು ಸಣ್ಣ ಮಳಿಗೆಗಳಾಗಿ ಒಡೆದಿರುತ್ತಾರೆ. ಇಲ್ಲಿನವರು ಅದನ್ನು 'ಎಕ್ಸಿಬಿಷನ್' ಎನ್ನುತ್ತಾರೆ. ದರ್ಜಿ, ಮೊಬೈಲು ರಿಪೇರಿಯವ, ಪ್ರಿಂಟಿಂಗ್ ಅಂಗಡಿ ಎಲ್ಲ ಮೂರನೆಯ, ನಾಲ್ಕನೆಯ ಮಹಡಿಯ ಮೂಲೆಗಳಲ್ಲಿ ಇರುತ್ತವೆ. ಬೀದಿಯಿಂದ ಒಳಹೋಗುವ ಬಾಗಿಲು, ಮಹಡಿಗಳ ಪಟ್ಟಿ ಬರೆದ ಫಲಕ, ಲಿಫ್ಟು ಅಥವಾ ಮೆಟ್ಟಿಲು, ಕೊನೆಗೆ ಅಂಗಡಿಯ ಬಾಗಿಲು: ಈ ಕ್ರಮದಲ್ಲಿ ನಾಲ್ಕು ಫೋಟೊ ಇರಲಿ.

5. ಮಟಾಟು ನಿಲ್ಲುವ ಸ್ಟೇಜನ್ನು ತೆಗೆಯಿರಿ, ಮಟಾಟುವನ್ನಲ್ಲ. ಕವಾಂಗ್ವಾರೆಗೆ ಹೋಗುವ 46, ಎಂಗಾಂಗ್‌ಗೆ ಹೋಗುವ 111, ಬುರುಬುರುಗೆ ಹೋಗುವ 58 ಇವುಗಳ ಬಣ್ಣ, ಚಿತ್ರ, ಸಂಗೀತ ಕಣ್ಣು ಕಿವಿ ತುಂಬುತ್ತವೆ. ಆದರೆ ಗಾಡಿ ಹೊರಟುಹೋಗುತ್ತದೆ, ಸ್ಟೇಜು ಉಳಿಯುತ್ತದೆ. ಬಹಳಷ್ಟು ಸ್ಟೇಜುಗಳಿಗೆ ಬೋರ್ಡೇ ಇಲ್ಲ. ಹಿಂದಿನ ಅಂಗಡಿ, ಪಾದಚಾರಿ ಸೇತುವೆ, ಕಂಬವೇ ಅವುಗಳ ಗುರುತು. ನೈರೋಬಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಮೆರಿಕದ ಎಂಐಟಿ, ಕೊಲಂಬಿಯಾ ವಿಶ್ವವಿದ್ಯಾಲಯದವರ ಜತೆ ಸೇರಿ ಮೊಬೈಲು ಹಿಡಿದು ಮಟಾಟುಗಳಲ್ಲಿ ಓಡಾಡಿ, 130ಕ್ಕೂ ಹೆಚ್ಚು ಮಾರ್ಗಗಳನ್ನು ಗುರುತಿಸಿ 2014ರಲ್ಲಿ ನಕ್ಷೆ ಪ್ರಕಟಿಸಿದರು. 'ಡಿಜಿಟಲ್ ಮಟಾಟುಸ್' ಎಂಬ ಆ ಕೆಲಸ 2015ರಲ್ಲಿ ಗೂಗಲ್ ಮ್ಯಾಪ್ಸ್‌ಗೂ ಸೇರಿತು. ಅವರು ಗೆರೆ ಎಳೆದುಕೊಟ್ಟಿದ್ದಾರೆ. ನಿಂತು ಕಾಯುವ ಜಾಗ ಹೇಗಿದೆ ಎಂದು ತೋರಿಸುವುದು ನಮ್ಮ ಪಾಲು.

6. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಬರೆಯಿರಿ. ನಮ್ಮವರ ಅಂಗಡಿಗಳಿದ್ದ ಇಂಡಿಯನ್ ಬಜಾರ್ ಈಗ ಬಿಯಾಶರಾ ಸ್ಟ್ರೀಟ್. ಗವರ್ನಮೆಂಟ್ ರೋಡ್ ಈಗ ಮೋಯಿ ಅವೆನ್ಯೂ. ಫಾರೆಸ್ಟ್ ರೋಡ್ 2016ರಲ್ಲಿ ವಂಗಾರಿ ಮಾಥಾಯಿ ಅವರ ಹೆಸರು ಪಡೆಯಿತು. ಜನರಲ್ ಮೋಟಾರ್ಸ್ ಕಾರ್ಖಾನೆ 2017ರಲ್ಲಿ ಇಸುಜು ಈಸ್ಟ್ ಆಫ್ರಿಕಾ ಆಯಿತು. ಅಲ್ಲಿನ ಮಟಾಟು ಸ್ಟೇಜಿನ ಹೆಸರು ಜನರ ಬಾಯಲ್ಲಿ ಇನ್ನೂ 'ಜಿಎಂ'. ಫೋಟೊದಲ್ಲಿ ಹೊಸ ಬೋರ್ಡು ಕಾಣಲಿ, ಜತೆಯ ಬರಹದಲ್ಲಿ ಜನ ಕರೆಯುವ ಹೆಸರು ಇರಲಿ. ಪಾರ್ಕ್‌ಲ್ಯಾಂಡ್ಸ್‌ನ ಅವೆನ್ಯೂಗಳಿಗೆ ಒಂದರಿಂದ ಆರರವರೆಗೆ ಸಂಖ್ಯೆಯಿದೆ. ಬೆಂಗಳೂರಿನ ಅಡ್ಡರಸ್ತೆಗಳ ಹಾಗೆ ಇಲ್ಲೂ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಗೊಂದಲವಾಗುತ್ತದೆ. ಮೂಲೆಯ ಫಲಕವನ್ನು ಒಂದು ಫೋಟೊದಲ್ಲಿ ಸೇರಿಸಿ.

7. ಮೆಟ್ಟಿಲು, ಇಳಿಜಾರು, ಶೌಚಾಲಯ, ಪಾರ್ಕಿಂಗು ತೋರಿಸಿ. ಊರಿನಿಂದ ಬರುವ ನಮ್ಮ ಹಿರಿಯರಿಗೆ ಮಂಡಿನೋವು. ಗಾಲಿಕುರ್ಚಿಯಲ್ಲಿ ಬರುವವರಿಗೆ ಒಂದು ಮೆಟ್ಟಿಲೂ ಗೋಡೆಯೇ. ಬಾಗಿಲಿನಲ್ಲಿ ಎಷ್ಟು ಮೆಟ್ಟಿಲಿವೆ, ಹಿಡಿಯಲು ಕಂಬಿಯಿದೆಯೇ, ಇಳಿಜಾರಿನ ದಾರಿ ಯಾವ ಬದಿ ಎನ್ನುವುದು ಒಂದೇ ಫೋಟೊದಲ್ಲಿ ತಿಳಿಯುತ್ತದೆ. ಮೇಲಿನಿಂದ ತೆಗೆದರೆ ಮೆಟ್ಟಿಲುಗಳು ಸಮತಟ್ಟಾಗಿ ಕಾಣುತ್ತವೆ. ಕೆಳಗೆ ನಿಂತು ಸ್ವಲ್ಪ ಓರೆಯಿಂದ ತೆಗೆಯಿರಿ.

8. ಹೋಟೆಲಿನಲ್ಲಿ ತಟ್ಟೆಗಿಂತ ಮೊದಲು ಮೆನು. ಪುಟ ಪೂರ್ತಿ ಬರಲಿ, ನೆರಳು ಬೀಳದಿರಲಿ, ಬೆಲೆಯ ಅಂಕಿ ಓದುವಂತಿರಲಿ. ಸಸ್ಯಾಹಾರದ ಅಡುಗೆ ಬೇರೆ ಮಾಡುತ್ತಾರೆಯೇ ಎಂದು ಕೇಳಿ ತಿಳಿದು ಬರೆಯಿರಿ. ಬೋರ್ಡಿದ್ದರೆ ಅದನ್ನೇ ತೆಗೆಯಿರಿ. ಹೊಸದಾಗಿ ಬಂದ ನಮ್ಮ ಹುಡುಗರು ಮೊದಲ ವಾರ ಹುಡುಕುವುದು ಇದನ್ನೇ.

9. ಕೇಳಿ ತೆಗೆಯಿರಿ. ರಸ್ತೆಯ ಆಚೆಯಿಂದ ಅಂಗಡಿಯ ಮುಂಭಾಗ ತೆಗೆಯುವಾಗಲೂ ಎದುರಿಗೆ ಅಸ್ಕಾರಿ ಇದ್ದರೆ ಮೊದಲು ಅವರ ಬಳಿ ಹೋಗಿ. ಸ್ವಾಹಿಲಿಯಲ್ಲಿ 'ಸಮಹಾನಿ, ನವೇಜಾ ಕುಪಿಗಾ ಪಿಚಾ?' ಎಂದು ಕೇಳಿ: ಕ್ಷಮಿಸಿ, ಫೋಟೊ ತೆಗೆಯಬಹುದೇ ಎಂದು ಅದರ ಅರ್ಥ. ನಕ್ಷೆಗೆ ಎಂದು ಹೇಳಿ, ತೆಗೆದದ್ದನ್ನು ಅವರಿಗೆ ತೋರಿಸಿ, 'ಅಸಾಂತೆ' ಎಂದು ಹೇಳಿ ಹೊರಡಿ. ದುಕಾ ಎಂದು ಕರೆಯುವ ಸಣ್ಣ ಅಂಗಡಿಯವರು ಬಹುತೇಕ ಸಂತೋಷದಿಂದಲೇ ಒಪ್ಪುತ್ತಾರೆ. ನಕ್ಷೆಯಲ್ಲಿ ಕಂಡರೆ ಗಿರಾಕಿ ಬರುತ್ತಾರೆಂದು ಅವರಿಗೂ ಗೊತ್ತು. ಬೇಡ ಎಂದರೆ ಬೇಡ. ಎರಡನೆಯ ಸಲ ಕೇಳಬೇಡಿ.

10. ರಾತ್ರಿಯದೂ ಒಂದಿರಲಿ. ಆಸ್ಪತ್ರೆ, ಔಷಧಿ ಅಂಗಡಿ, ಪೆಟ್ರೋಲ್ ಬಂಕು ಇವುಗಳನ್ನು ಜನ ಹುಡುಕುವುದು ಕತ್ತಲಾದ ಮೇಲೂ. ಹಗಲಿನ ಬಣ್ಣದ ಬೋರ್ಡು ರಾತ್ರಿ ಕಾಣದಿರಬಹುದು. ಹಗಲು ಕಾಣದ ದೀಪವೇ ರಾತ್ರಿಯ ಗುರುತಾಗಬಹುದು. ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡೇ ತೆಗೆಯಿರಿ. ಇದಕ್ಕಾಗಿ ಕತ್ತಲಲ್ಲಿ ಇಳಿಯಬೇಡಿ.

ಮಾಡಬಾರದ್ದು

1. ಅಧ್ಯಕ್ಷರ ನಿವಾಸವಾದ ಸ್ಟೇಟ್ ಹೌಸ್, ಸೇನೆಯ ಜಾಗ, ಪೊಲೀಸ್ ಠಾಣೆ, ವಿದೇಶಿ ರಾಯಭಾರ ಕಚೇರಿಗಳ ಫೋಟೊ ಕೂಡದು. ಕೆನ್ಯಾದಲ್ಲಿ ಸಂರಕ್ಷಿತ ಪ್ರದೇಶಗಳಿಗೇ ಒಂದು ಕಾಯ್ದೆಯಿದೆ. 'ನಕ್ಷೆಗೆ ತೆಗೆದೆ' ಎನ್ನುವುದು ಅಲ್ಲಿ ಉತ್ತರವಾಗುವುದಿಲ್ಲ. ಸಂದೇಹ ಬಂದರೆ ಮೊಬೈಲು ಜೇಬಿನಲ್ಲೇ ಇರಲಿ.

2. ಮಾಲ್‌ಗಳ ತಪಾಸಣೆಯ ಜಾಗವನ್ನು ತೆಗೆಯಬೇಡಿ. 2013ರ ಸೆಪ್ಟೆಂಬರ್ 21ರಂದು ವೆಸ್ಟ್‌ಗೇಟ್ ಮಾಲ್ ಮೇಲೆ, 2019ರ ಜನವರಿ 15ರಂದು ರಿವರ್‌ಸೈಡ್‌ನ ಡುಸಿಟ್ ಹೋಟೆಲಿನ ಮೇಲೆ ದಾಳಿ ನಡೆದ ಊರು ಇದು. ಯಾವ ಬಾಗಿಲಲ್ಲಿ ಎಷ್ಟು ಕಾವಲಿನವರು, ಕ್ಯಾಮೆರಾ ಎಲ್ಲಿ, ಕಾರು ತಪಾಸಣೆ ಹೇಗೆ ಎನ್ನುವುದು ನಕ್ಷೆಯಲ್ಲಿ ಇರಬಾರದ ವಿವರ. ಅಸ್ಕಾರಿ ಬಂದು ತಡೆದರೆ ಸಿಟ್ಟಾಗಬೇಡಿ, ವಾದಿಸಬೇಡಿ. ಅವರ ಎದುರಿಗೇ ಅಳಿಸಿಬಿಡಿ. ಮಾಲ್‌ನ ಹೊರಗಿನ ಹೆಸರು, ವಾಹನ ಒಳಹೋಗುವ ರಸ್ತೆಯ ತಿರುವು: ಇಷ್ಟು ಸಾಕು.

3. ಜನರ ಮುಖ ಹಾಕಬೇಡಿ. ಕೆನ್ಯಾದ ಡೇಟಾ ಸಂರಕ್ಷಣಾ ಕಾಯ್ದೆ 2019ರ ನವೆಂಬರ್ 25ರಿಂದ ಜಾರಿಯಲ್ಲಿದೆ. 2023ರ ಸೆಪ್ಟೆಂಬರಿನಲ್ಲಿ ಅದನ್ನು ನೋಡಿಕೊಳ್ಳುವ ಆಯುಕ್ತರ ಕಚೇರಿ, ಗಿರಾಕಿಯೊಬ್ಬರ ಫೋಟೊವನ್ನು ಒಪ್ಪಿಗೆಯಿಲ್ಲದೆ ಹಾಕಿದ ಒಂದು ರೆಸ್ಟೋರೆಂಟಿಗೆ 18.5 ಲಕ್ಷ ಶಿಲ್ಲಿಂಗ್ ದಂಡ ಹಾಕಿತು. ಬೀದಿಗಳ ಫೋಟೊ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ, ಮ್ಯಾಪಿಲರಿ ಇವುಗಳಲ್ಲಿ ಮುಖವೂ ವಾಹನದ ನಂಬರೂ ತಾನಾಗಿ ಮಸುಕಾಗುತ್ತವೆ. ನಾವು ಗೂಗಲ್ ಮ್ಯಾಪ್ಸ್‌ಗೆ ಹಾಕುವ ಸಾಮಾನ್ಯ ಫೋಟೊದಲ್ಲಿ ಹಾಗಾಗುವುದಿಲ್ಲ. ಜನ ದಾಟಿಹೋಗುವವರೆಗೆ ಕಾಯಿರಿ. ಆಗದಿದ್ದರೆ ಮೊಬೈಲಿನ ಎಡಿಟರಿನಲ್ಲೇ ಮುಖ ಮರೆಮಾಡಿ, ಆಮೇಲೆ ಹಾಕಿ.

4. ಮಕ್ಕಳಿರುವ ಫೋಟೊ ಖಂಡಿತ ಬೇಡ. 2023ರ ಸೆಪ್ಟೆಂಬರಿನಲ್ಲೇ, ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೊ ಪ್ರಕಟಿಸಿದ ಒಂದು ಶಾಲೆಗೆ ಬಿದ್ದ ದಂಡ 45.5 ಲಕ್ಷ ಶಿಲ್ಲಿಂಗ್. ಶಾಲೆಯ ಗೇಟು ತೆಗೆಯಬೇಕಿದ್ದರೆ ಭಾನುವಾರ ಹೋಗಿ. ನಮ್ಮ ಮಗು ಓದುವ ಶಾಲೆ ಎಂದು ಬರೆದು ಮಗುವನ್ನು ಗೇಟಿನ ಮುಂದೆ ನಿಲ್ಲಿಸಿ ತೆಗೆದದ್ದನ್ನು ಮನೆಯ ಆಲ್ಬಮ್ಮಿನಲ್ಲಿಡಿ, ನಕ್ಷೆಗೆ ಹಾಕಬೇಡಿ.

5. ಬಡತನವನ್ನು ತೆಗೆಯಬೇಡಿ. ನಗರದ ಮಧ್ಯಕ್ಕೆ ಹತ್ತಿರದಲ್ಲಿದ್ದೂ ಕಿಬೆರಾ ಎಂಬ ದೊಡ್ಡ ಕೊಳೆಗೇರಿ 2009ರವರೆಗೆ ನಕ್ಷೆಗಳಲ್ಲಿ ಖಾಲಿ ಜಾಗವಾಗಿತ್ತು. ಆ ವರ್ಷ ಎರಿಕಾ ಹೇಗನ್, ಮೈಕೆಲ್ ಮರೋನ್ ಎಂಬಿಬ್ಬರ ಜತೆ ಕಿಬೆರಾದ ಹಳ್ಳಿಗಳ 13 ಮಂದಿ ಯುವಕ ಯುವತಿಯರು ಜಿಪಿಎಸ್ ಹಿಡಿದು ಓಣಿ ಓಣಿ ನಡೆದು 'ಮ್ಯಾಪ್ ಕಿಬೆರಾ' ಕಟ್ಟಿದರು. ಅದನ್ನು ಸ್ವಯಂಸೇವಕರು ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಗೆ ಸೇರಿಸಿದರು. ಅವರು ಗುರುತಿಸಿದ್ದು ನೀರಿನ ನಲ್ಲಿ, ಶೌಚಾಲಯ, ಕ್ಲಿನಿಕ್ಕು, ಶಾಲೆ. ಅಲ್ಲಿ ಬದುಕುವವರಿಗೆ ಬೇಕಾದ್ದು ಅದು. ಹೊರಗಿನಿಂದ ಹೋದ ನಾವು ಚರಂಡಿ, ತಗಡಿನ ಸೂರು, ಬರಿಗಾಲಿನ ಮಕ್ಕಳನ್ನು ತೆಗೆದು ಹಾಕಿದರೆ ಅದರಿಂದ ಯಾರಿಗೂ ದಾರಿ ಸಿಗುವುದಿಲ್ಲ. ಅಲ್ಲಿನವರ ಮಾನ ಹೋಗುತ್ತದೆ. ಹೋಗಲೇಬೇಕಾದರೆ ಅಲ್ಲಿನವರ ಜತೆಗೇ ಹೋಗಿ, ಅವರು ತೋರಿಸಿದ್ದನ್ನು ಮಾತ್ರ ತೆಗೆಯಿರಿ.

6. ಮೊಬೈಲಿನಲ್ಲಿ ಹಣ ಕಳಿಸುವ ಸೇವೆಯಾದ ಎಂ-ಪೆಸಾದ ಕೌಂಟರಿನಲ್ಲಿ ಹಣ ಕಟ್ಟುವ, ಪಡೆಯುವವರ ಫೋಟೊ ತೆಗೆಯಬೇಡಿ. ಅಂಗಡಿಯ ಹಸಿರು ಬೋರ್ಡು ಸಾಕು. ಅವರ ಕೈಯ ಮೊಬೈಲು, ರಿಜಿಸ್ಟರಿನ ಪುಟ, ಅದರಲ್ಲಿ ಬರೆದ ಹೆಸರು ನಂಬರುಗಳು ಚೌಕಟ್ಟಿನೊಳಗೆ ಬರಬಾರದು.

7. ಘೇಂಡಾಮೃಗದ ಜಾಗ ಹೇಳಬೇಡಿ. 1946ರಲ್ಲಿ ಸ್ಥಾಪನೆಯಾದ ನೈರೋಬಿ ರಾಷ್ಟ್ರೀಯ ಉದ್ಯಾನ ನಗರದ ಅಂಚಿನಲ್ಲೇ ಇದೆ, ಅಲ್ಲಿ ಕಪ್ಪು ಘೇಂಡಾಮೃಗಗಳಿವೆ. ಕೊಂಬಿಗಾಗಿ ಅವುಗಳನ್ನು ಕೊಲ್ಲುವವರು ಇನ್ನೂ ಇದ್ದಾರೆ. ಪ್ರಾಣಿಯ ಫೋಟೊ ತೆಗೆಯುವಾಗ ಲೊಕೇಶನ್ ಆರಿಸಿ. ನಕ್ಷೆಗೆ ಬೇಕಾದ್ದು ಲಂಗಾಟಾ ರಸ್ತೆಯ ಮುಖ್ಯ ಗೇಟು, ಟಿಕೆಟಿನ ಜಾಗ, ಶೌಚಾಲಯ.

8. ಡ್ರೋನ್ ಹಾರಿಸಬೇಡಿ. ಕೆನ್ಯಾದಲ್ಲಿ ಡ್ರೋನಿಗೆ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು. ಮೇಲಿನಿಂದ ಕಾಣುವ ಸೂರು ಕೆಳಗೆ ನಡೆಯುವವರಿಗೆ ಗುರುತೂ ಅಲ್ಲ.

9. ಬೇರೆಯವರ ಫೋಟೊ ಹಾಕಬೇಡಿ. ಅಂಗಡಿಯ ವೆಬ್‌ಸೈಟಿನದು, ವಾಟ್ಸಾಪಿನಲ್ಲಿ ಬಂದದ್ದು, ಒಂದು ನಕ್ಷೆಯಿಂದ ಎತ್ತಿ ಇನ್ನೊಂದಕ್ಕೆ ಹಾಕಿದ್ದು ಎಲ್ಲ ತಪ್ಪು. ನೀವೇ ಆ ಜಾಗದಲ್ಲಿ ನಿಂತು ತೆಗೆದದ್ದು ಮಾತ್ರ ಸರಿ. ನಿಮ್ಮದೇ ಫೋಟೊವನ್ನು ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿ ಇಳಿಸಿಕೊಂಡರೂ ಅದರೊಳಗಿನ ಜಾಗದ ಗುರುತು ಅಳಿಸಿಹೋಗುತ್ತದೆ. ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಕಳಿಸಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ.

10. ಬಣ್ಣ ಬಳಿಯಬೇಡಿ. ಫಿಲ್ಟರು, ಚೌಕಟ್ಟು, ಹೂವಿನ ಅಂಚು, ನಿಮ್ಮ ಹೆಸರಿನ ಮುದ್ರೆ ಯಾವುದೂ ಬೇಡ. ಹಸಿರು ಗೇಟು ಫಿಲ್ಟರಿನಲ್ಲಿ ನೀಲಿಯಾದರೆ, ಹಸಿರು ಗೇಟು ಹುಡುಕಿ ಬಂದವರು ಮುಂದೆ ಹೋಗಿಬಿಡುತ್ತಾರೆ. ವಾಲಿದ್ದನ್ನು ನೇರ ಮಾಡುವುದು, ಕತ್ತಲೆಯನ್ನು ಸ್ವಲ್ಪ ತಿಳಿಗೊಳಿಸುವುದು, ಇಷ್ಟಕ್ಕೆ ನಿಲ್ಲಿಸಿ.

11. ಅಂಕದ ಆಸೆಗೆ ಹಾಕಬೇಡಿ. ನಕ್ಷೆಗೆ ಫೋಟೊ, ಮಾಹಿತಿ ಸೇರಿಸುವವರಿಗೆಂದು ಇರುವ ಗೂಗಲ್‌ನ ಲೋಕಲ್ ಗೈಡ್ಸ್ ಯೋಜನೆಯಲ್ಲಿ ಒಂದು ಫೋಟೊಗೆ 5 ಅಂಕ. ಒಂದೇ ಬಾಗಿಲನ್ನು ಹತ್ತು ಸಲ ಹಾಕಿದರೆ ಅಂಕ ಏರುತ್ತದೆ. ನಿಜವಾಗಿ ಬೇಕಾದ ಗೇಟಿನ ಫೋಟೊ ಆ ರಾಶಿಯ ಕೆಳಗೆ ಸಿಕ್ಕಿಬೀಳುತ್ತದೆ.

12. ಯಾರ ಮನೆಯನ್ನೂ ಹಾಕಬೇಡಿ. ಗೆಳೆಯರ ಮನೆಯ ಗೇಟು, ಅಲ್ಲಿ ನಿಂತ ಕಾರು, ಬಾಗಿಲಿನ ಮೇಲಿನ ಹೆಸರು ಊರಿಗೆಲ್ಲ ಕಾಣುವ ನಕ್ಷೆಗೆ ಸೇರಬಾರದು. ಊಟಕ್ಕೆ ಕರೆದವರಿಗೆ ದಾರಿ ತೋರಿಸಬೇಕಾದರೆ ಗೇಟಿನ ಫೋಟೊವನ್ನು ಅವರಿಗಷ್ಟೇ ಕಳಿಸಿ.

ನಕ್ಷೆಗೆ ಏರಿಸುವಾಗ

ಮನೆಗೆ ಬಂದು ದೊಡ್ಡದು ಮಾಡಿ ನೋಡಿ. ಬೋರ್ಡಿನ ಅಕ್ಷರ ಓದಲಾಗದಿದ್ದರೆ ಹಾಕಬೇಡಿ, ಇನ್ನೊಮ್ಮೆ ಹೋದಾಗ ತೆಗೆಯಿರಿ. ಮೂಲೆಗಳಲ್ಲಿ ಯಾರ ಮುಖವಾದರೂ, ಯಾವ ನಂಬರಾದರೂ ಇದೆಯೇ ಹುಡುಕಿ. ಕಿಟಕಿಯ ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಬಿದ್ದಿದೆಯೇ ನೋಡಿ.

ಸರಿಯಾದ ಜಾಗಕ್ಕೇ ಹಾಕಿ. ಒಂದೇ ಬ್ಯಾಂಕಿನ, ಒಂದೇ ಸೂಪರ್ ಮಾರ್ಕೆಟ್ಟಿನ ಹಲವು ಶಾಖೆಗಳು ಒಂದೇ ಹೆಸರಿನಲ್ಲಿ ಬರುತ್ತವೆ. ವೆಸ್ಟ್‌ಲ್ಯಾಂಡ್ಸ್ ಶಾಖೆಯ ಫೋಟೊ ಎನ್ಗಾರಾ ಶಾಖೆಗೆ ಸೇರಿದರೆ ಫೋಟೊ ಇಲ್ಲದಿರುವುದೇ ಮೇಲು.

ಹಳೆಯದನ್ನು ಅಳಿಸಿ. ಈ ಊರು ಬಲು ಬೇಗ ಬದಲಾಗುತ್ತದೆ. ವೆಸ್ಟ್‌ಲ್ಯಾಂಡ್ಸ್‌ನ ಉಕೇ ಸೆಂಟರನ್ನು 2018ರ ಆಗಸ್ಟಿನಲ್ಲಿ ಕೆಡವಿದರು. ಊರಿಗೆಲ್ಲ ಗುರುತಾಗಿದ್ದ ನಕುಮಟ್ ಮಳಿಗೆಗಳು 2020ರ ಹೊತ್ತಿಗೆ ಬಾಗಿಲು ಮುಚ್ಚಿದ್ದವು. ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗಿನ 27 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ 2022ರಲ್ಲಿ ತೆರೆಯಿತು. ಅದಕ್ಕೂ ಮೊದಲು ವಯ್ಯಾಕಿ ವೇ ಬದಿಯಲ್ಲಿ ತೆಗೆದ ಫೋಟೊಗಳಲ್ಲಿ ತಲೆಯ ಮೇಲೆ ಆಕಾಶವಿದೆ. ಈಗ ಅಲ್ಲಿ ಕಾಂಕ್ರೀಟಿನ ಕಂಬಗಳ ಸಾಲು. ನೀವು ಹಿಂದೆ ಹಾಕಿದ್ದನ್ನು ವರ್ಷಕ್ಕೊಮ್ಮೆ ತಿರುವಿ ನೋಡಿ. ಬದಲಾದದ್ದನ್ನು ತೆಗೆದುಹಾಕಿ, ಮುಚ್ಚಿದ ಅಂಗಡಿಯನ್ನು ಮುಚ್ಚಿದೆ ಎಂದು ತಿಳಿಸಿ.

ಜತೆಗೆ ಎರಡು ಸಾಲು ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ನಮ್ಮವರಿಗೆ ಆಗುತ್ತದೆ. ಇಂಗ್ಲಿಷಿನಲ್ಲೂ ಒಂದು ಸಾಲು ಸೇರಿಸಿ, ಸಾಮಾನು ತರುವ ಬೋಡಾ ಬೋಡಾದ ಹುಡುಗನಿಗೆ ಆಗುತ್ತದೆ. ಯಾವ ಗೇಟು, ಯಾವ ಬಣ್ಣ, ಯಾವುದರ ಎದುರು, ಯಾವ ತಿಂಗಳು ತೆಗೆದದ್ದು: ಇಷ್ಟು ಸಾಕು.

ಗೂಗಲ್ ಒಂದಕ್ಕೇ ನಿಲ್ಲಬೇಡಿ. ರಸ್ತೆ ಬದಿಯ ಫೋಟೊಗಳನ್ನು ಮ್ಯಾಪಿಲರಿಗೂ ಹಾಕಬಹುದು. ಅಲ್ಲಿ ಹಾಕಿದ್ದನ್ನು ನೋಡಿಕೊಂಡು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸ್ವಯಂಸೇವಕರು ಪಾದಚಾರಿ ಸೇತುವೆ, ಹಂಪು, ನೀರಿನ ನಲ್ಲಿಗಳನ್ನು ನಕ್ಷೆಗೆ ಸೇರಿಸುತ್ತಾರೆ. ಆ ನಕ್ಷೆಯನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು.

ಕೊನೆಯ ಮಾತು

ನಮ್ಮೂರುಗಳಲ್ಲಿ ಬೇಸಗೆ ಬಂದರೆ ದಾರಿಬದಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಯಾರು ಬಂದು ಕುಡಿಯುತ್ತಾರೆಂದು ಇಟ್ಟವರು ಕೇಳುತ್ತಿರಲಿಲ್ಲ. ನೀರು ತಿಳಿಯಾಗಿರಬೇಕು, ಮಡಕೆ ಶುಚಿಯಾಗಿರಬೇಕು ಎಂದಷ್ಟೇ ನೋಡಿಕೊಳ್ಳುತ್ತಿದ್ದರು. ನಕ್ಷೆಗೆ ಹಾಕುವ ಫೋಟೊವನ್ನೂ ಆ ಶ್ರದ್ಧೆಯಿಂದಲೇ ಹಾಕಬೇಕು. ನಮಗೆ ನೆರಳು ಕೊಟ್ಟ ಊರಿಗೆ ನಾವು ಸುಲಭವಾಗಿ ಮಾಡಬಹುದಾದ ಕೆಲಸ ಇದು. ಇದಕ್ಕೆ ದುಡ್ಡು ಬೇಡ, ಸಂಘ ಬೇಡ, ಯಾರ ಅಪ್ಪಣೆಪತ್ರವೂ ಬೇಡ.

ಜ್ವರದ ರಾತ್ರಿಯ ಮರುವಾರ ನಾನು ಆ ಕ್ಲಿನಿಕ್ಕಿಗೆ ಮತ್ತೆ ಹೋದೆ. ಅಸ್ಕಾರಿಯನ್ನು ಕೇಳಿ, ರಸ್ತೆಯ ಆಚೆ ನಿಂತು ಮೂರು ಗೇಟೂ ಬರುವ ಹಾಗೆ ಒಂದು, ಕಾಗದದ ಹೂವಿನ ಬಳ್ಳಿಯ ಪಕ್ಕದ ನಡುಗೇಟು ಒಂದು, ಬಳ್ಳಿ ಸರಿಸಿ ಬೋರ್ಡು ಒಂದು, ಹೀಗೆ ಮೂರು ಫೋಟೊ ತೆಗೆದು ಹಾಕಿದೆ. ಕೆಳಗೆ 'ಮೂರರಲ್ಲಿ ನಡುವಿನ ಕಪ್ಪು ಗೇಟು' ಎಂದು ಬರೆದೆ. ನಿಮ್ಮ ಬೀದಿಯಲ್ಲೂ ಅಂಥ ಗೇಟೊಂದು ಇದ್ದೇ ಇರುತ್ತದೆ. ಈ ಶನಿವಾರ ಬೆಳಿಗ್ಗೆ ಅದನ್ನು ತೆಗೆದು ಹಾಕಿ.